ಪುಟ ತಿರುಗಿಸಿ ತೋರಿಸಿದವನು ನಾನೇ

2006ರಲ್ಲಿ ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಸಂಜೆ ಹೊತ್ತು ಒಂದು ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದೆ. ತಿಂಗಳಿಗೆ 800 ರೂಪಾಯಿ ಸಂಬಳ, ಜನ ಇಲ್ಲದಾಗ ನೆಟ್ ಫ್ರೀ. 8 ಕಂಪ್ಯೂಟರು, ನಡುನಡುವೆ ಪ್ಲೈವುಡ್ ಗೋಡೆ, ಬಾಗಿಲ ಪಕ್ಕ ನನ್ನ ಮೇಜು. ಮೇಜಿನ ಮೇಲೆ ಕೆಂಪು ಬಟ್ಟೆಯ ಬೈಂಡ್ ಹಾಕಿದ ದಪ್ಪ ಪುಸ್ತಕ. ಬಂದವರು ಅದರಲ್ಲಿ ಹೆಸರು, ಊರು, ಫೋನ್ ನಂಬರ್ ಬರೆಯಬೇಕು. ಒಳಗೆ ಹೋದ ಹೊತ್ತು, ಎದ್ದು ಹೋದ ಹೊತ್ತು, ಕೂತ ಸಿಸ್ಟಮ್ ನಂಬರ್, ಇಷ್ಟನ್ನು ನಾನು ತುಂಬುತ್ತಿದ್ದೆ. ಕೊನೆಗೆ ಅವರ ಸಹಿ.

ಇದು ನಮ್ಮ ಓನರ್ ತಲೆಯಲ್ಲಿ ಹುಟ್ಟಿದ ಐಡಿಯಾ ಏನಲ್ಲ. 2004ರಲ್ಲೇ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆ ಅಂತಲೇ ನಿಯಮ ಮಾಡಿತ್ತು. ಇಡೀ ದೇಶಕ್ಕೆ ಇಂಥದ್ದೇ ನಿಯಮ ಬಂದದ್ದು 2011ರಲ್ಲಿ. ಯಾರು ಬಂದರು, ಯಾವಾಗ ಬಂದರು ಅನ್ನುವ ದಾಖಲೆಯನ್ನು ಕನಿಷ್ಠ 1 ವರ್ಷ ಇಟ್ಟಿರಬೇಕು ಅಂತ ಅದು ಹೇಳುತ್ತದೆ. ನಾವು ಆಗ ಅದನ್ನೆಲ್ಲ ಅಷ್ಟು ತಲೆಗೆ ಹಚ್ಚಿಕೊಂಡಿರಲಿಲ್ಲ. ಹುಡುಗರು ಮನಸ್ಸಿಗೆ ಬಂದ ಹೆಸರು ಬರೆದು ಹೋಗುತ್ತಿದ್ದರು. ಒಬ್ಬನಂತೂ ವಾರಕ್ಕೆ ಎರಡು ಸಲ ಬಂದು 'ಮುತ್ತುರಾಜ್, ಗಾಜನೂರು' ಅಂತ ಬರೆದು ನೀಟಾಗಿ ಸಹಿ ಹಾಕುತ್ತಿದ್ದ. ಶಿವಮೊಗ್ಗದ ಪಕ್ಕದಲ್ಲೂ ಒಂದು ಗಾಜನೂರು ಇದೆಯಲ್ಲ, ಓನರ್‌ಗೆ ಕೊನೆಯವರೆಗೂ ಆ ಜೋಕು ಹತ್ತಲಿಲ್ಲ.

ಹುಡುಗಿಯರು ಮಾತ್ರ ನಿಜವಾದ ಹೆಸರೇ ಬರೆಯುತ್ತಿದ್ದರು. ಯಾಕೋ ಗೊತ್ತಿಲ್ಲ.

ಒಂದು ಸಂಜೆ ಸುಮಾರು 50 ವರ್ಷದ ಒಬ್ಬರು ಬಂದರು. ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು, ಮರ್ಯಾದಸ್ಥರ ಮುಖ. "ನಮ್ಮ ಹುಡುಗಿ ನಿನ್ನೆ ಇಲ್ಲಿಗೆ ಬಂದಿದ್ಲಾ ಅಂತ ನೋಡ್ಬೇಕಿತ್ತು ಕಣಪ್ಪಾ" ಅಂದರು. ದನಿಯಲ್ಲಿ ಜೋರಿರಲಿಲ್ಲ. ನಾನು ಒಂದು ನಿಮಿಷವೂ ಯೋಚಿಸದೆ ಪುಸ್ತಕ ಅವರ ಕಡೆ ತಿರುಗಿಸಿ, ಹಿಂದಿನ ದಿನದ ಪುಟ ತೆಗೆದುಕೊಟ್ಟೆ. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಸಿಕ್ಕಿತು. ಸಿಸ್ಟಮ್ 6, ಒಳಗೆ 5.10, ಹೊರಗೆ 6.50. ಬೆರಳು ಅಲ್ಲೇ ನಿಂತು, ಒಂದು ಸಾಲು ಕೆಳಗೆ ಜಾರಿತು. ಸಿಸ್ಟಮ್ 7, ಒಬ್ಬ ಹುಡುಗನ ಹೆಸರು, ಒಳಗೆ 5.10, ಹೊರಗೆ 6.50. ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಹುಡುಗನ ಹೆಸರು, ನಂಬರ್ ಬರೆದುಕೊಂಡರು. "ಥ್ಯಾಂಕ್ಸ್ ಕಣಪ್ಪಾ" ಅಂದು ಹೋದರು.

ಆ ಹುಡುಗಿ ಮತ್ತೆ ಸೆಂಟರಿಗೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವಳ ಕ್ಲಾಸಿನವಳೊಬ್ಬಳು ಹೇಳಿದಳು, ಕಾಲೇಜನ್ನೂ ಬಿಡಿಸಿದರಂತೆ.

ಆ 1 ಗಂಟೆ 40 ನಿಮಿಷ ಅವರಿಬ್ಬರೂ ಏನು ಮಾಡಿದರು ಅಂತ ನನಗೆ ಗೊತ್ತಿಲ್ಲ. ಅರ್ಜಿ ತುಂಬಿರಬಹುದು. ಪ್ರಾಜೆಕ್ಟಿಗೆ ಏನೋ ಹುಡುಕಿರಬಹುದು. ಪ್ರೀತಿಯೇ ಇರಬಹುದು, ಇದ್ದರೇನು. ಆ ಪುಸ್ತಕದಲ್ಲಿ ಅದೇನೂ ಇರಲಿಲ್ಲ. ಇದ್ದದ್ದು ಎರಡು ಸಾಲು, ನಾಲ್ಕು ಗಡಿಯಾರದ ಹೊತ್ತು. ಆ ಮನುಷ್ಯನಿಗೆ ಅಷ್ಟೇ ಸಾಕಾಯಿತು.

ಸರ್ಕಾರ ಜನರ ಫೋನ್ ದಾಖಲೆ ಇಟ್ಟುಕೊಳ್ಳುವ ವಿಷಯ ಬಂದಾಗಲೆಲ್ಲ ನನಗೆ ಸಿಸ್ಟಮ್ 6 ಮತ್ತು 7 ನೆನಪಾಗುತ್ತವೆ. ಯಾಕೆಂದರೆ ಎಲ್ಲ ದೇಶದ ಸರ್ಕಾರಗಳೂ ಹೇಳುವ ಮಾತು ಒಂದೇ: ನೀವು ಏನು ಮಾತಾಡಿದಿರಿ ಅಂತ ನಾವು ಕೇಳಿಸಿಕೊಳ್ಳುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಎಲ್ಲಿಂದ, ಇಷ್ಟೇ ಇಡುತ್ತೇವೆ. ಅದಕ್ಕೆ ಮೆಟಾಡೇಟಾ ಅಂತ ಹೆಸರು. ಹೆಸರೇ ಬೋರಿಂಗ್. ಕೇಳಿದವರು ಆಕಳಿಸಿ ಮುಂದಕ್ಕೆ ಹೋಗಲಿ ಅಂತಲೇ ಇಟ್ಟ ಹಾಗಿದೆ.

ನಮ್ಮ ದೇಶದಲ್ಲಿ ಇದರ ಹೆಸರು ಸಿಡಿಆರ್, ಅಂದರೆ ಕಾಲ್ ಡೀಟೇಲ್ ರೆಕಾರ್ಡ್. ಕನ್ನಡ ಪೇಪರ್ ಓದುವವರಿಗೆ ಈ ಮೂರಕ್ಷರ ಹೊಸದಲ್ಲ. ಯಾವುದೇ ಕೊಲೆ, ಹಗರಣದ ಸುದ್ದಿಯಲ್ಲಿ 'ಆರೋಪಿಯ ಸಿಡಿಆರ್ ಪರಿಶೀಲಿಸಲಾಗಿದೆ', 'ಟವರ್ ಲೊಕೇಶನ್ ಸಿಕ್ಕಿದೆ' ಅಂತ ಇದ್ದೇ ಇರುತ್ತದೆ. ಆರೋಪಿಯದ್ದು ಸಿಕ್ಕಿತು ಅಂದರೆ ಅದಕ್ಕಿಂತ ಮೊದಲು ಎಲ್ಲರದ್ದೂ ಎಲ್ಲೋ ಇತ್ತು ಅಂತ ಅರ್ಥ, ಅಲ್ವಾ? ಈ ಅರ್ಧ ವಾಕ್ಯವನ್ನು ನಾವು ಓದುವುದೇ ಇಲ್ಲ. ಒಂದು ಸಿಡಿಆರ್ ಸಾಲಿನಲ್ಲಿ ಕರೆ ಮಾಡಿದ ನಂಬರ್, ಹೋದ ನಂಬರ್, ದಿನ, ಹೊತ್ತು, ಎಷ್ಟು ಸೆಕೆಂಡು, ಫೋನಿನ ಐಎಂಇಐ ನಂಬರ್, ಕರೆ ಶುರುವಾದಾಗ ಯಾವ ಟವರ್, ಮುಗಿದಾಗ ಯಾವ ಟವರ್, ಎಲ್ಲ ಇರುತ್ತದೆ. ಬಂದ ಕರೆಯದ್ದೂ ಇರುತ್ತದೆ, ಹೋದ ಕರೆಯದ್ದೂ ಇರುತ್ತದೆ. ಇಂಟರ್ನೆಟ್ ಬಳಕೆಗೂ ಇಂಥದ್ದೇ ಒಂದು ದಾಖಲೆ ಇದೆ, ಅದು ಐಪಿಡಿಆರ್.

ಇದನ್ನು ಎಷ್ಟು ದಿನ ಇಡಬೇಕು? 2021ರ ಡಿಸೆಂಬರ್‌ವರೆಗೆ ಕನಿಷ್ಠ 1 ವರ್ಷ ಅಂತ ಇತ್ತು. ಆ ತಿಂಗಳು ಕೇಂದ್ರದ ದೂರಸಂಪರ್ಕ ಇಲಾಖೆ ಟೆಲಿಕಾಂ ಲೈಸೆನ್ಸಿನ ಷರತ್ತು ತಿದ್ದಿ ಅದನ್ನು ಕನಿಷ್ಠ 2 ವರ್ಷ ಮಾಡಿತು. ಭದ್ರತಾ ಸಂಸ್ಥೆಗಳಿಗೆ ತನಿಖೆಗೆ 1 ವರ್ಷ ಸಾಲುತ್ತಿಲ್ಲ ಅನ್ನುವುದು ಆಗ ಬಂದ ಕಾರಣ. ಸಂಸತ್ತಿನಲ್ಲಿ ಚರ್ಚೆ ಆಗಲಿಲ್ಲ. ಮಸೂದೆ ಬರಲಿಲ್ಲ. ಇಲಾಖೆಗೂ ಕಂಪನಿಗಳಿಗೂ ನಡುವಿನ ಕರಾರಿನಲ್ಲಿ ಒಂದು ಪದ ಬದಲಾಯಿತು, 100 ಕೋಟಿಗೂ ಜಾಸ್ತಿ ಮೊಬೈಲ್ ಸಂಪರ್ಕಗಳ ಚರಿತ್ರೆ ಇನ್ನೊಂದು ವರ್ಷ ಉದ್ದವಾಯಿತು. ಮನೆ ಬಾಡಿಗೆ ಕರಾರು ತಿದ್ದುವಾಗಲೂ ನಾವು ಇದಕ್ಕಿಂತ ಜಾಸ್ತಿ ಗಲಾಟೆ ಮಾಡುತ್ತೇವೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಷರತ್ತಿನ ಕೊನೆಯ ಭಾಗ. 2 ವರ್ಷ ಆದ ಮೇಲೆ ದಾಖಲೆಯನ್ನು ನಾಶ ಮಾಡಬಹುದು, ಬೇರೆ ಸೂಚನೆ ಬಾರದಿದ್ದರೆ. ಮಾಡಬೇಕು ಅಂತ ಇಲ್ಲ. ಮಾಡಬಹುದು. ಇಡುವುದಕ್ಕೆ ಆಜ್ಞೆ, ಅಳಿಸುವುದಕ್ಕೆ ಬರೀ ಅನುಮತಿ. ಅನುಮತಿ ಸಿಕ್ಕಿದವರು ಅಳಿಸಿದರಾ ಅಂತ ನೋಡಲು ಹೋಗುವವರು ಯಾರು?

ಒಂದು ಹಾಳೆಯ ಕಥೆ ಹೇಳುತ್ತೇನೆ. ನನ್ನದೇ ಹಾಳೆ.

2023ರ ನವೆಂಬರ್‌ನಲ್ಲಿ ನಮ್ಮ ಅಪ್ಪ ತೀರಿಕೊಂಡರು. ಅದಾಗಿ ಒಂದೂವರೆ ತಿಂಗಳಿಗೆ ಆಫೀಸಿನಲ್ಲಿ ಫೋನ್ ಬಿಲ್ ಕ್ಲೇಮ್ ಮಾಡಬೇಕಿತ್ತು. ಕರೆಗಳ ಪಟ್ಟಿ ಇರುವ ಪಿಡಿಎಫ್ ಇಳಿಸಿಕೊಂಡೆ. ಆಫೀಸಿನ ಕರೆಗಳಿಗೆ ಹಸಿರು ಬಣ್ಣ ಹಚ್ಚುತ್ತ ಬಂದವನು ಒಂದು ಕಡೆ ನಿಂತುಬಿಟ್ಟೆ.

ರಾತ್ರಿ 2.14, ಅಣ್ಣನ ನಂಬರು, 38 ಸೆಕೆಂಡು. 2.16, ನಮ್ಮ ಡಾಕ್ಟರು, 3 ನಿಮಿಷ. 2.20, ಆಂಬುಲೆನ್ಸ್. ಆಮೇಲೆ ಒಂದು ಗಂಟೆ ಹತ್ತು ನಿಮಿಷ ಏನೂ ಇಲ್ಲ. 3.31, ಅಣ್ಣ, 12 ಸೆಕೆಂಡು. ಆ 12 ಸೆಕೆಂಡಿನಲ್ಲಿ ನಾನು ಏನು ಹೇಳಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. 3.33ರಿಂದ 5 ಗಂಟೆಯವರೆಗೆ 19 ನಂಬರು, ಒಂದೊಂದೂ ಅರ್ಧ ನಿಮಿಷ. 5.40ಕ್ಕೆ ಪುರೋಹಿತರು. 6.05ಕ್ಕೆ ಹೆಣ ಸಾಗಿಸುವ ವ್ಯಾನಿನವನು. ಅಲ್ಲಿಂದ 13 ದಿನ ಹಸಿರು ಬಣ್ಣ ಹಚ್ಚಲು ಒಂದೂ ಸಾಲಿಲ್ಲ.

ಅದರಲ್ಲಿ ಒಂದೇ ಒಂದು ಮಾತಿಲ್ಲ. ಅಪ್ಪನ ಹೆಸರಿಲ್ಲ. ನಮ್ಮ ಬಗ್ಗೆ ಏನೂ ಗೊತ್ತಿಲ್ಲದ ಯಾವನೋ ಗುಮಾಸ್ತ ಓದಿದರೂ ಆ ಮನೆಯಲ್ಲಿ ಆ ರಾತ್ರಿ ಏನಾಯಿತು ಅಂತ ಹೇಳಿಬಿಡುತ್ತಾನೆ. ಇದಾದರೂ ನನ್ನಿಂದ ಹೋದ ಕರೆಗಳು ಮಾತ್ರ ಇರುವ ಬಿಲ್ಲು. ಪೂರ್ತಿ ಸಿಡಿಆರ್‌ನಲ್ಲಿ ಬಂದ ಕರೆ, ಟವರ್ ಎಲ್ಲ ಇರುತ್ತದೆ. ಮನೆಯ ಟವರ್, ಆಸ್ಪತ್ರೆಯ ಟವರ್, ಮತ್ತೆ ಮನೆ, ಆಮೇಲೆ ಸ್ಮಶಾನದ ಹತ್ತಿರದ ಟವರ್.

ಸಾವು ಮುಚ್ಚಿಡುವ ವಿಷಯವಲ್ಲ, ಸರಿ. ಆದರೆ ಇದೇ ಹಾಳೆಯಲ್ಲಿ ಒಬ್ಬಳು ಹೆಣ್ಣುಮಗಳು ಲ್ಯಾಬಿಗೆ, ಆಮೇಲೆ ಹೆರಿಗೆ ಡಾಕ್ಟರಿಗೆ, ಆಮೇಲೆ ವಕೀಲರಿಗೆ ಮಾಡಿದ ಕರೆ ಇದ್ದರೆ? ಸರ್ಕಾರಿ ನೌಕರನೊಬ್ಬ ರಾತ್ರಿ 11 ಗಂಟೆಗೆ ವರದಿಗಾರನಿಗೆ 9 ನಿಮಿಷ ಮಾತಾಡಿದ್ದರೆ, ಮೂರನೇ ದಿನ ಪೇಪರಿನಲ್ಲಿ ಟೆಂಡರಿನ ಸುದ್ದಿ ಬಂದರೆ?

ನಮ್ಮ ರಾಜ್ಯಕ್ಕೆ ಫೋನಿನ ವಿಷಯದಲ್ಲಿ ಒಂದು ಹಳೆಯ ನೆನಪಿದೆ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಗಲಾಟೆಯಿಂದ. ನಾನಾಗ ಚಿಕ್ಕವನು, ದೊಡ್ಡವರ ಬಾಯಲ್ಲಿ ಆಮೇಲೆ ಕೇಳಿದ್ದು. ಅಂದಿನ ಕದ್ದಾಲಿಕೆಗೂ ಇಂದಿನ ಸಿಡಿಆರ್‌ಗೂ ಇರುವ ವ್ಯತ್ಯಾಸ ನೋಡಿ. ಆಗ ಯಾರ ಫೋನು ಅಂತ ಮೊದಲು ಯಾರಾದರೂ ತೀರ್ಮಾನ ಮಾಡಬೇಕಿತ್ತು. ನಂಬರ್ ಬರೆಯಬೇಕು, ಎಕ್ಸ್‌ಚೇಂಜಿನಲ್ಲಿ ಒಬ್ಬನನ್ನು ಕೂರಿಸಬೇಕು. ಆ ತೀರ್ಮಾನಕ್ಕೆ ಒಂದು ಕಡತ, ಕಡತಕ್ಕೆ ಒಂದು ಸಹಿ. ಸಿಕ್ಕಿಬಿದ್ದರೆ ಕುರ್ಚಿ ಹೋಗುತ್ತಿತ್ತು. ಈಗ ಎಲ್ಲರದ್ದೂ ಮೊದಲೇ ತುಂಬಿಟ್ಟಿರುತ್ತದೆ. ಯಾರದ್ದು ಬೇಕು ಅಂತ ಆಮೇಲೆ ನಿಧಾನವಾಗಿ ಯೋಚಿಸಬಹುದು. 2 ವರ್ಷ ಹಿಂದೆ ಹೋಗಿ ಕದ್ದಾಲಿಸಿದ ಹಾಗೆ.

ಇನ್ನೂ ತಮಾಷೆ ಇದೆ. ಕದ್ದಾಲಿಕೆಗೆ ಸುಪ್ರೀಂ ಕೋರ್ಟ್ 1996ರಲ್ಲೇ ಲಗಾಮು ಹಾಕಿತು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನ ತೀರ್ಪು ಅದು. ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಅದನ್ನು ಪರಿಶೀಲಿಸುವ ಸಮಿತಿ ಬೇಕು ಅಂತ ಆಯಿತು. ಮುಂದೆ ಬಂದ ನಿಯಮದಲ್ಲಿ, ಕೆಲಸಕ್ಕೆ ಬೇಕಾಗಿಲ್ಲದ ಕದ್ದಾಲಿಕೆ ದಾಖಲೆಯನ್ನು 6 ತಿಂಗಳಿಗೊಮ್ಮೆ ನಾಶ ಮಾಡಬೇಕು ಅಂತಲೂ ಸೇರಿತು. ಅಂದರೆ ಸರ್ಕಾರಕ್ಕೆ ಅನುಮಾನ ಇದ್ದು, ಮೇಲಿನವರ ಸಹಿ ಪಡೆದು ಕದ್ದು ಕೇಳಿದವನ ಮಾತಿಗೆ 6 ತಿಂಗಳು. ಯಾವ ಅನುಮಾನವೂ ಇಲ್ಲದ ನನ್ನ, ನಿಮ್ಮ ದಾಖಲೆಗೆ 2 ವರ್ಷ. ಅದನ್ನು ತರಿಸಿಕೊಳ್ಳಲು ಗೃಹ ಕಾರ್ಯದರ್ಶಿಯೂ ಬೇಡ, ಜಡ್ಜೂ ಬೇಡ. ಎಸ್‌ಪಿ ದರ್ಜೆಯ ಅಧಿಕಾರಿಯ ಕಡೆಯಿಂದ ಕೋರಿಕೆ ಹೋದರೆ ಸಾಕು.

ಈ ಮಾತು ತೆಗೆದಾಗೆಲ್ಲ ಒಬ್ಬರಾದರೂ ಗಾದೆ ಹೇಳುತ್ತಾರೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಪ್ಪು ಮಾಡದವನಿಗೆ ಯಾಕಪ್ಪ ಭಯ? ಆ ಗಾದೆಯ ಕಥೆಯಲ್ಲಿ ಮೊದಲು ಕುಂಬಳಕಾಯಿ ಕಳುವಾಗಿರುತ್ತದೆ. ಆಮೇಲೆ ಕಳ್ಳ ಯಾರು ಅಂತ ಕೂಗು ಏಳುತ್ತದೆ. ಇಲ್ಲಿ ಹಾಗಲ್ಲ. ಕುಂಬಳದ ಬಳ್ಳಿ ಹೂ ಬಿಡುವ ಮೊದಲೇ ಊರಿನವರೆಲ್ಲರ ಹೆಗಲ ಫೋಟೋ ತೆಗೆದು ದಿನಾಂಕ ಹಾಕಿ ಚಾವಡಿಯಲ್ಲಿ ಇಟ್ಟಿದ್ದಾರೆ. ಮುಂದೆ ಯಾವತ್ತೋ ಒಂದು ದಿನ ಹೆಗಲ ಮೇಲೆ ಬೂದಿ ಇರುವುದೂ ಕಳ್ಳತನ ಅಂತ ಆದರೆ ಫೋಟೋ ರೆಡಿ.

ನನ್ನ ಜೊತೆ ಓದಿದವನೊಬ್ಬ ಪೊಲೀಸ್ ಇಲಾಖೆಯಲ್ಲಿದ್ದಾನೆ. ಅವನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವನು ಬೈಯಲಿಲ್ಲ, ನಕ್ಕ. "ಸಿಡಿಆರ್ ಇಲ್ದಿದ್ರೆ ನಮ್ಮ ಕೈಯಲ್ಲಿ ಏನಿದೆ ಹೇಳು? ಸಾಕ್ಷಿ ಹೇಳೋರು ಕೋರ್ಟಿಗೆ ಬರಲ್ಲ. ಬಂದ್ರೂ ಉಲ್ಟಾ ಹೊಡೀತಾರೆ. ಟವರ್ ಉಲ್ಟಾ ಹೊಡಿಯಲ್ಲ." ಕಾಣೆಯಾದ ಒಂದು ಮಗುವನ್ನು ಎರಡೇ ದಿನದಲ್ಲಿ ಹುಡುಕಿದ್ದನ್ನು ಹೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ. ಆದರೆ ಆ ಮಗುವಿನ ಕೇಸಿನಲ್ಲಿ ಬೇಕಾದದ್ದು ಎರಡು ದಿನದ ದಾಖಲೆ, ಒಂದು ಏರಿಯಾದ್ದು. ಅದಕ್ಕೂ ಊರಿನ ಎಲ್ಲರ 2 ವರ್ಷದ ದಾಖಲೆಗೂ ಏನು ಸಂಬಂಧ ಅಂತ ಕೇಳಿದೆ. "ಯಾವ ಕೇಸಿಗೆ ಯಾವುದು ಬೇಕಾಗುತ್ತೆ ಅಂತ ಮೊದ್ಲೇ ಹೆಂಗೆ ಗೊತ್ತಾಗುತ್ತೆ ಮಾರಾಯ" ಅಂದ. ಅದೂ ನಿಜವೇ. ಆ ಲೆಕ್ಕದಲ್ಲಿ 10 ವರ್ಷ ಇಟ್ಟರೆ ಇನ್ನೂ ಒಳ್ಳೆಯದು ಅಂದೆ. ಅವನು "ಇಟ್ರೆ ಒಳ್ಳೇದೇ" ಅಂದ. ಅಲ್ಲಿಗೆ ಇಬ್ಬರಿಗೂ ಇಡ್ಲಿ ಬಂತು, ಮಾತು ಮಕ್ಕಳ ಸ್ಕೂಲ್ ಫೀಸಿನ ಕಡೆ ತಿರುಗಿತು.

ಅವನಂಥವನ ಕೈಯಲ್ಲಿ ಪುಸ್ತಕ ಇದ್ದರೆ ನನಗೆ ಅಷ್ಟು ಭಯವಿಲ್ಲ. ಆದರೆ ಪುಸ್ತಕ ಯಾರ ಕೈಗೆ ಹೋಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಬೇಕಾದಷ್ಟಿದೆ. 2013ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಕರೆ ದಾಖಲೆಯನ್ನೇ ಯಾರೋ ತೆಗೆಸಿದ್ದು ಹೊರಬಂತು. ಆ ಕೇಸಿನಲ್ಲಿ ಸಿಕ್ಕಿಬಿದ್ದವರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಒಬ್ಬ ಕಾನ್‌ಸ್ಟೆಬಲ್ ಇದ್ದ. ಮೇಲಧಿಕಾರಿಯ ಇಮೇಲ್‌ನಿಂದ ಕಂಪನಿಗೆ ಕೋರಿಕೆ ಕಳಿಸಿದ್ದ ಅನ್ನುವುದು ಆರೋಪ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. 2018ರಲ್ಲಿ ಮಹಾರಾಷ್ಟ್ರದ ಥಾಣೆ ನಗರದ ಪೊಲೀಸರು ಸಿಡಿಆರ್ ಮಾರಾಟದ ಜಾಲವನ್ನೇ ಹಿಡಿದರು. ಸಿಕ್ಕವರಲ್ಲಿ ಖಾಸಗಿ ಪತ್ತೇದಾರರಿದ್ದರು. ನನ್ನ ಸೆಂಟರಿಗೆ ಬಂದ ಬಿಳಿ ಶರ್ಟಿನವರು ಕಡೇಪಕ್ಷ ಬಿಟ್ಟಿಯಾಗಿ ನೋಡಿಕೊಂಡು ಹೋಗಿದ್ದರು.

ಜೇಟ್ಲಿಯವರು ಆಗ ತಮ್ಮ ಖಾಸಗಿತನದ ಹಕ್ಕಿನ ಬಗ್ಗೆ ಖಾರವಾಗಿಯೇ ಬರೆದಿದ್ದರು. ಎರಡು ವರ್ಷದ ನಂತರ, ಅವರು ಮಂತ್ರಿಯಾಗಿದ್ದ ಸರ್ಕಾರದ ಅಟಾರ್ನಿ ಜನರಲ್, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದರು. ಪಕ್ಷ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಮೇಜಿನ ಯಾವ ಕಡೆ ಕೂತಿದ್ದೇವೆ ಅನ್ನುವುದರ ಮೇಲೆ ಎಲ್ಲ ಪಕ್ಷದವರ ಮಾತೂ ಬದಲಾಗುತ್ತದೆ.

ಕಳ್ಳದಾರಿ ಬಿಡಿ, ರಾಜಮಾರ್ಗದ್ದೇ ಒಂದು ಕಥೆ ಇದೆ. 2020ರ ಫೆಬ್ರವರಿಯಲ್ಲಿ ಟೆಲಿಕಾಂ ಕಂಪನಿಗಳ ಸಂಘವೇ ದೂರಸಂಪರ್ಕ ಇಲಾಖೆಗೆ ಪತ್ರ ಬರೆದು ಆಕ್ಷೇಪ ಎತ್ತಿತು. ಕೆಲವು ರಾಜ್ಯಗಳಲ್ಲಿ ನಿರ್ದಿಷ್ಟ ದಿನಗಳ ಸಿಡಿಆರ್ ಕೇಳುತ್ತಿದ್ದೀರಿ, ಒಬ್ಬರದ್ದಲ್ಲ, ಎಲ್ಲ ಗ್ರಾಹಕರದ್ದು ಅಂತ. ದೆಹಲಿಗೆ ಕೇಳಿದ ದಿನಗಳು ಫೆಬ್ರವರಿ 2, 3, 4. ವಿಧಾನಸಭೆ ಚುನಾವಣೆಗೆ ಮತದಾನ ಇದ್ದದ್ದು 8ಕ್ಕೆ. ಪೌರತ್ವ ಕಾಯ್ದೆ ವಿರುದ್ಧ ಶಾಹೀನ್‌ಬಾಗ್‌ನಲ್ಲಿ ಜನ ಕೂತಿದ್ದ ಸಮಯವೂ ಅದೇ. ಕರೆ ಕಟ್ ಆಗುವ ಸಮಸ್ಯೆ ಪರೀಕ್ಷಿಸಲು ಕೇಳಿದ್ದು, ಯಾರ ಮೇಲೂ ಕಣ್ಣಿಟ್ಟಿಲ್ಲ ಅಂತ ಸರ್ಕಾರ ಹೇಳಿತು. ಇರಬಹುದು. ಕಾಲ್ ಡ್ರಾಪ್ ನಮಗೆಲ್ಲ ಇರುವ ಗೋಳೇ. ಆದರೆ ಆ ಮೂರು ದಿನ ಧರಣಿಯ ಜಾಗದ ಟವರ್ ಅಡಿ ಯಾರ‍್ಯಾರಿದ್ದರು ಅನ್ನುವುದೂ ಅದೇ ಹಾಳೆಗಳಿಂದಲೇ ಸಿಗುತ್ತದೆ. ಯಾವ ಉದ್ದೇಶಕ್ಕೆ ಕೇಳಿದರು ಅಂತ ಹಾಳೆಗೆ ಗೊತ್ತಿರುವುದಿಲ್ಲ.

ಜರ್ಮನಿಯವರು ಈ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟ ರೀತಿ ನನಗೆ ತುಂಬಾ ಇಷ್ಟ. 2004ರಲ್ಲಿ ಮ್ಯಾಡ್ರಿಡ್, 2005ರಲ್ಲಿ ಲಂಡನ್, ಎರಡೂ ಕಡೆ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಆ ಬಿಸಿಯಲ್ಲೇ 2006ರಲ್ಲಿ ಐರೋಪ್ಯ ಒಕ್ಕೂಟ ಒಂದು ನಿರ್ದೇಶನ ಹೊರಡಿಸಿತು. ಎಲ್ಲ ಸದಸ್ಯ ದೇಶಗಳೂ ಜನರ ಫೋನ್, ಇಂಟರ್ನೆಟ್ ದಾಖಲೆಯನ್ನು 6 ತಿಂಗಳಿಂದ 2 ವರ್ಷದವರೆಗೆ ಇಡಿಸಬೇಕು ಅಂತ. ಜರ್ಮನಿ 6 ತಿಂಗಳು ಅಂತ ಕಾನೂನು ಮಾಡಿತು. ಅಲ್ಲಿನ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಜ್ ಅನ್ನುವ ರಾಜಕಾರಣಿ ತನ್ನ ಟೆಲಿಫೋನ್ ಕಂಪನಿಯನ್ನು ಕೇಳಿದ: ನನ್ನ ಬಗ್ಗೆ ಏನು ಇಟ್ಟಿದ್ದೀರಿ, ಕೊಡಿ. ಸುಲಭಕ್ಕೆ ಕೊಡಲಿಲ್ಲ, ಕೋರ್ಟಿಗೆ ಹೋಗಬೇಕಾಯಿತು. ಕೊನೆಗೆ ಸಿಕ್ಕಿದ್ದು 6 ತಿಂಗಳಿಗೆ 35 ಸಾವಿರಕ್ಕೂ ಜಾಸ್ತಿ ಸಾಲು. ಅದನ್ನು ಅವನು ಪತ್ರಿಕೆಯೊಂದಕ್ಕೆ ಕೊಟ್ಟ. ಅವರು ಮ್ಯಾಪ್ ಮೇಲೆ ಹಾಕಿ 2011ರಲ್ಲಿ ಪ್ರಕಟಿಸಿದರು. ಪ್ಲೇ ಬಟನ್ ಒತ್ತಿದರೆ ಅವನು ಜರ್ಮನಿಯ ತುಂಬ ಓಡಾಡುತ್ತಾನೆ. ಯಾವ ರೈಲು, ಯಾವ ಊರು, ಎಷ್ಟು ಹೊತ್ತಿಗೆ ನಿದ್ದೆ.

ಅಷ್ಟರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ 2010ರ ಮಾರ್ಚ್ 2ರಂದು ಕಾನೂನನ್ನೇ ರದ್ದು ಮಾಡಿತ್ತು. ದೂರು ಕೊಟ್ಟವರು ಸುಮಾರು 34 ಸಾವಿರ ಜನ. ಕೋರ್ಟು ಕಾನೂನು ರದ್ದು ಮಾಡಿ ಸುಮ್ನೆ ಕೂರಲಿಲ್ಲ, ಇಟ್ಟಿರುವ ದಾಖಲೆಯನ್ನು ತಡ ಮಾಡದೆ ಅಳಿಸಿ ಅಂತ ಹೇಳಿತು. 2014ರ ಏಪ್ರಿಲ್ 8ಕ್ಕೆ ಐರೋಪ್ಯ ನ್ಯಾಯಾಲಯ ಮೂಲ ನಿರ್ದೇಶನವನ್ನೇ ಹೊಡೆದುಹಾಕಿತು. ಐರ್ಲೆಂಡಿನ ಒಂದು ಸಣ್ಣ ಹಕ್ಕುಗಳ ಸಂಘ ಹಾಕಿದ ಕೇಸು ಅದು. ಯಾರೋ ಸದಾ ನೋಡುತ್ತಿದ್ದಾರೆ ಅನ್ನುವ ಭಾವನೆ ಜನರಲ್ಲಿ ಹುಟ್ಟುತ್ತದೆ ಅನ್ನುವುದನ್ನೂ ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡಿತು. ಅಲ್ಲಿನ ಸರ್ಕಾರಗಳು ಬಿಟ್ಟುಬಿಟ್ಟವು ಅಂತ ಅಂದುಕೊಳ್ಳಬೇಡಿ. ಬೇರೆ ಬೇರೆ ಬಾಗಿಲಿನಿಂದ ಬರುತ್ತಲೇ ಇದ್ದಾರೆ, ಕೋರ್ಟುಗಳು ತಡೆಯುತ್ತಲೇ ಇವೆ.

ಆಸ್ಟ್ರೇಲಿಯಾದವರು ಉಲ್ಟಾ ದಾರಿ ಹಿಡಿದರು. 2015ರಲ್ಲಿ 2 ವರ್ಷದ ಕಾನೂನು ತಂದರು. ಪತ್ರಕರ್ತರ ದಾಖಲೆ ನೋಡಲು ಮಾತ್ರ ವಾರಂಟ್ ಬೇಕು ಅಂತ ಒಂದು ರಕ್ಷಣೆ ಸೇರಿಸಿದರು. 2017ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ಪೊಲೀಸರೇ ಒಪ್ಪಿಕೊಂಡರು: ನಮ್ಮವರು ಒಬ್ಬ ಪತ್ರಕರ್ತರ ಕರೆ ದಾಖಲೆಯನ್ನು ವಾರಂಟ್ ಇಲ್ಲದೆ ನೋಡಿಬಿಟ್ಟಿದ್ದಾರೆ. ಬೇಕಂತ ಮಾಡಿದ್ದಲ್ಲ, ನಿಯಮ ಗೊತ್ತಿರಲಿಲ್ಲ ಅಂದರು. ಪುಟ ತಿರುಗಿಸುವಾಗ ನನಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಈ ವಿಷಯಕ್ಕೆ ಕೋರ್ಟಿಗೆ ಹೋದ ದೊಡ್ಡ ಹೆಸರು ನಮ್ಮವರದ್ದೇ. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮ ಮನೆಯ ಹಿರಿಯರು ಬ್ಯಾಂಕಿನ ಫಾರಂ ತುಂಬಲೂ ಮೊಮ್ಮಕ್ಕಳನ್ನು ಕರೆಯುತ್ತಾರೆ. 2017ರ ಆಗಸ್ಟ್ 24ರಂದು ಒಂಬತ್ತು ಜನ ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು, ಖಾಸಗಿತನ ಮೂಲಭೂತ ಹಕ್ಕು. ಅದನ್ನು ಮೊಟಕು ಮಾಡಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 2024ರ ಅಕ್ಟೋಬರ್‌ನಲ್ಲಿ ಪುಟ್ಟಸ್ವಾಮಿಯವರು ಬೆಂಗಳೂರಿನಲ್ಲಿ ತೀರಿಕೊಂಡರು, 98 ವರ್ಷ.

ಅವರದ್ದೇ ಕೇಸಿನ ಎರಡನೇ ತೀರ್ಪು 2018ರ ಸೆಪ್ಟೆಂಬರ್‌ನಲ್ಲಿ ಬಂತು. ಆಧಾರ್ ಉಳಿಯಿತು ಅನ್ನುವುದೇ ಎಲ್ಲರಿಗೂ ನೆನಪು. ಅದರೊಳಗೆ ಒಂದು ಸಣ್ಣ ಅಂಶ ಇದೆ, ಯಾರೂ ಜಾಸ್ತಿ ಮಾತಾಡಲಿಲ್ಲ. ಯಾರು ಯಾವಾಗ ಆಧಾರ್ ಬಳಸಿ ದೃಢೀಕರಣ ಮಾಡಿಸಿದರು ಅನ್ನುವ ದಾಖಲೆಯನ್ನು 5 ವರ್ಷ ಇಡಬಹುದು ಅಂತ ನಿಯಮದಲ್ಲಿತ್ತು. ಕೋರ್ಟು ಅದನ್ನು ತೆಗೆದುಹಾಕಿ 6 ತಿಂಗಳು ಸಾಕು ಅಂದಿತು. ಎಷ್ಟು ದಿನ ಇಡುತ್ತೀರಿ ಅನ್ನುವುದೇ ಹಕ್ಕಿನ ಪ್ರಶ್ನೆ ಅಂತ ನಮ್ಮ ಕೋರ್ಟು ನೇರವಾಗಿ ಮುಟ್ಟಿದ್ದು ಅಲ್ಲಿ. ನನಗೆ ಆ ತೀರ್ಪಿನಲ್ಲಿ ಇಷ್ಟವಾದದ್ದು ಅದೊಂದೇ ಅಂದರೂ ತಪ್ಪಿಲ್ಲ.

ಆಮೇಲಿನ ಲೆಕ್ಕ ನೋಡಿ. 2021ರಲ್ಲಿ ಸಿಡಿಆರ್ 1ರಿಂದ 2 ವರ್ಷಕ್ಕೆ ಏರಿತು. 2022ರ ಏಪ್ರಿಲ್ 28ಕ್ಕೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿತು. ಇಂಟರ್ನೆಟ್‌ನಲ್ಲಿ ನಮ್ಮ ಗುರುತು ಮರೆಮಾಡಿಕೊಡುವ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ಐಪಿ ವಿಳಾಸ, ಸೇವೆ ತೆಗೆದುಕೊಂಡ ಉದ್ದೇಶ ಎಲ್ಲವನ್ನೂ 5 ವರ್ಷ ಇಡಬೇಕು, ಗ್ರಾಹಕ ಬಿಟ್ಟುಹೋದ ಮೇಲೂ. ದಾಖಲೆ ಇಡುವುದಿಲ್ಲ ಅನ್ನುವುದೇ ಆ ಕಂಪನಿಗಳ ವ್ಯಾಪಾರ. ಎಕ್ಸ್‌ಪ್ರೆಸ್‌ವಿಪಿಎನ್‌ನಂಥವು ಇಲ್ಲಿನ ಸರ್ವರ್‌ಗಳನ್ನೇ ಕಿತ್ತುಕೊಂಡು ಹೋದವು. 2023ರಲ್ಲಿ ಡೇಟಾ ರಕ್ಷಣೆಗೆ ಅಂತಲೇ ಒಂದು ಕಾಯ್ದೆ ಬಂತು. ಸರ್ಕಾರ ತನಗೆ ಬೇಕಾದ ಇಲಾಖೆಗೆ ಅದರಿಂದ ವಿನಾಯ್ತಿ ಕೊಡಬಹುದು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕೆಲಸ ಮುಗಿದ ಮೇಲೆ ಜನರ ಮಾಹಿತಿ ಅಳಿಸಿ ಅನ್ನಬೇಕಾದ ನಿಯಮಗಳು ಅವು. ಅದರಲ್ಲೂ ಕನಿಷ್ಠ 1 ವರ್ಷ ದಾಖಲೆ ಇಟ್ಟಿರಬೇಕು ಅನ್ನುವ ಸಾಲು ಬಂದು ಕೂತಿದೆ. ಅಂಬ್ರೆಲ್ಲಾ ಕೊಳ್ಳಲು ಹೋದರೆ ಅದಕ್ಕೇ ಒಂದು ತೂತು ಮಾಡಿ ಕೊಟ್ಟ ಹಾಗೆ.

ಆ ನಿಯಮ ಬಂದ ತಿಂಗಳೇ ಅಪ್ಪ ಹೋಗಿ 2 ವರ್ಷವಾಯಿತು. ತಿಥಿ ಮುಗಿಸಿ, ಊರಿನಿಂದ ವಾಪಸು ಬಂದು ಕೂತಾಗ ತಲೆಗೆ ಒಂದು ಹುಳ ಹೊಕ್ಕಿತು. ಕನಿಷ್ಠ 2 ವರ್ಷ ಮುಗಿಯಿತಲ್ಲ. ಆ ರಾತ್ರಿಯ 2.14, 3.31ರ ಸಾಲುಗಳನ್ನು ಅಳಿಸಿದರಾ? ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕೆ 2 ಒತ್ತಿ ಅಂತು, ಒತ್ತಿದೆ. ಎಂಟು ನಿಮಿಷ ಸಂಗೀತ. ಆಮೇಲೆ ಒಬ್ಬಳು ಹುಡುಗಿ, ಮಂಡ್ಯದ ಕಡೆಯ ಮಾತು.

ನನ್ನ ಹಳೆಯ ಕರೆ ದಾಖಲೆ ಅಳಿಸಿದ್ದೀರಾ ಅಂತ ಗೊತ್ತಾಗಬೇಕಿತ್ತು ಅಂದೆ.

"ಸರ್, ಫೋನಲ್ಲಿ ಕಾಲ್ ಹಿಸ್ಟ್ರಿ ಡಿಲೀಟ್ ಮಾಡೋದಾ ಸರ್?"

ಅಲ್ಲಮ್ಮ, ನಿಮ್ಮ ಹತ್ತಿರ ಇರೋದು. ಎರಡು ವರ್ಷದ ಹಿಂದಿನದು.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. "ಸರ್, ಆ ಆಪ್ಷನ್ ನನಗೆ ಇಲ್ಲಿ ತೋರಿಸ್ತಾ ಇಲ್ಲ. ಕಂಪ್ಲೇಂಟ್ ಅಂತ ರೈಸ್ ಮಾಡ್ಲಾ?"

ಮಾಡಮ್ಮ ಅಂದೆ. ಯಾವ ವಿಭಾಗಕ್ಕೆ ಹಾಕಬೇಕು ಅಂತ ಅವಳಿಗೆ ತಿಳಿಯಲಿಲ್ಲ, 'ಇತರೆ'ಗೆ ಹಾಕಿದಳು. ಹತ್ತಂಕಿಯ ನಂಬರ್ ಹೇಳಿ, "ಬರ್ಕೊಳಿ ಸರ್, ಮುಂದಕ್ಕೆ ಬೇಕಾಗುತ್ತೆ" ಅಂದಳು. ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಪಕ್ಕ ಬರೆದುಕೊಂಡೆ.